ಪಾಲಿಗೆ ಬಂದ ಉರಿ

ಮಂಗಳವಾರ ಬೆಳಿಗ್ಗೆ ಬನ್ನಿನ ಹಿಟ್ಟು ನಾದುತ್ತಿದ್ದಾಗ ನನ್ನ ಎಡಗೈಯ ಒಳಭಾಗ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಚುರುಕ್ಕೆಂದಿತು. ಒಲೆಯಿಂದ ಕಿಡಿ ಹಾರಿರಬೇಕು ಎಂದುಕೊಂಡು ಕೈ ತಿರುಗಿಸಿ ನೋಡಿದೆ. ಕಿಡಿಯೂ ಇಲ್ಲ, ಬೊಬ್ಬೆಯೂ ಇಲ್ಲ. ಮೈದಾ ಮೆತ್ತಿದ ಬರಿಯ ಚರ್ಮ. ಮತ್ತೆ ಚುರುಕ್ಕೆಂದಿತು. ಆಮೇಲೆ ನಿಲ್ಲಲೇ ಇಲ್ಲ. ಯಾರೋ ಎಲ್ಲೋ ಕೂತು ತಮ್ಮ ಕೈಮೇಲೆ ಸೂಜಿಯಿಂದ ಗೆರೆ ಎಳೆಸಿಕೊಳ್ಳುತ್ತಿದ್ದಾರೆ, ಆ ಗೆರೆ ನನ್ನನ್ನು ನೆನೆದು ಎಳೆಸುತ್ತಿರುವುದು ಎಂದು ಗೊತ್ತಾದಾಗ ನಾದುವುದನ್ನು ನಿಲ್ಲಿಸಿ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದೆ.

ಬೇಕರಿಯ ಯಜಮಾನ ಪುಟ್ಟೀರಪ್ಪ ಗಾಜಿನ ಕಪಾಟಿನ ಹಿಂದಿನಿಂದಲೇ ನನ್ನ ಮುಖ ನೋಡಿದ.

“ಏನ್ ರುದ್ರಾಣಮ್ಮ, ಹಚ್ಚೆ ಉರೀನಾ?”

“ಹಂಗೇ ಕಾಣುತ್ತೆ ಕಣಪ್ಪ.”

“ಮೊದ್ಲೇ ಹೇಳಿದ್ರೆ ರಜಾ ಕೊಡ್ತಿರಲಿಲ್ವಾ? ಯಾರು ಹಾಕ್ಸ್ಕೊಂಡಿರೋದು?”

“ನಂಗೇ ಯಾರೂ ಹೇಳಿಲ್ಲ. ಯಾರು ಅಂತಾನೇ ಗೊತ್ತಿಲ್ಲ.”

ಪುಟ್ಟೀರಪ್ಪನಿಗೆ ನಂಬಿಕೆ ಬರಲಿಲ್ಲ. ನಲವತ್ತೊಂಬತ್ತು ವರ್ಷದ, ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸನ್ನು ನೆನೆದು ಕದ್ದು ಹಚ್ಚೆ ಹಾಕಿಸಿಕೊಳ್ಳುವವರು ಯಾರಿದ್ದಾರು ಎಂಬ ಪ್ರಶ್ನೆ ಅವನ ಮುಖದ ಮೇಲೇ ಇತ್ತು. ನನ್ನ ಮುಖದ ಮೇಲೂ ಅದೇ ಇದ್ದಿರಬೇಕು.

ನಮ್ಮೂರಿನಲ್ಲಿ ಹಚ್ಚೆಯ ಉರಿ ಒಬ್ಬರದೇ ಅಲ್ಲ. ಯಾರನ್ನು ನೆನೆದು ಬರೆಸಿಕೊಳ್ಳುತ್ತೇವೋ ಅವರಿಗೆ ಅರ್ಧ ಹೋಗುತ್ತದೆ, ಬರೆಸಿಕೊಂಡವರಿಗೆ ಅರ್ಧ ಉಳಿಯುತ್ತದೆ, ಚರ್ಮ ಮಾಯುವವರೆಗೆ. ಹುಟ್ಟಿದಾಗಿನಿಂದ ನೋಡುತ್ತ ಬಂದ ನಮಗೆ ಇದು ನೆಗಡಿ ಬಂದಷ್ಟೇ ಸಹಜ. ಗಿರಣಿಯಲ್ಲೂ ಶಾಲೆಯಲ್ಲೂ ಹಚ್ಚೆ ರಜೆ ಎಂದು ಎರಡು ದಿನ ಕೊಡುತ್ತಾರೆ, ಹಾಕಿಸಿಕೊಂಡವರಿಗೂ ಪಾಲು ಬಂದವರಿಗೂ. ಪರೀಕ್ಷೆಯ ತಿಂಗಳಲ್ಲಿ ಯಾರೂ ಮಕ್ಕಳ ಹೆಸರು ಬರೆಸುವುದಿಲ್ಲ. ಬಾಣಂತಿಯ ಹೆಸರು ಬರೆಸಿದವನನ್ನು ನಾಲ್ಕು ಜನ ಉಗಿಯುತ್ತಾರೆ. ಬರೆಸುವ ಮೊದಲು ಹೋಗಿ ತಿಳಿಸುವುದು ರೂಢಿ. ಮೂರನೆಯ ದಿನ ಪಾಲು ಬಂದವರು ಹೋಗಿ ಹಚ್ಚೆ ನೋಡಿ, ನನಗಿಷ್ಟು ನಿನಗಿಷ್ಟು ಎಂದು ಇಬ್ಬರ ಉರಿಯನ್ನೂ ಕೂಡಿಸಿ ಸರಿಯಾಗಿ ಮಾಯುತ್ತಿದೆಯೇ ಎಂದು ನೋಡಿ ಬರುವುದು ಇನ್ನೊಂದು ರೂಢಿ. ದ್ವೇಷಕ್ಕೆ ಪಾಲಿಲ್ಲ. ಹಿಂದೆ ಒಬ್ಬ ಭೂಪ ದಾಯಾದಿಯನ್ನು ನರಳಿಸಬೇಕೆಂದು ಅವನ ಹೆಸರನ್ನು ಬೆನ್ನ ತುಂಬ ಬರೆಸಿಕೊಂಡು, ಹದಿನೈದು ದಿನ ತಾನೊಬ್ಬನೇ ಬೋರಲು ಮಲಗಿದ್ದನಂತೆ. ಸತ್ತವರಿಗೂ ಪಾಲಿಲ್ಲ. ಐದು ವರ್ಷದ ಹಿಂದೆ ನನ್ನ ಗಂಡ ಚನ್ನವೀರಯ್ಯ ತೀರಿಕೊಂಡಾಗ ಅವರ ಹೆಸರನ್ನು ಬಲಗೈ ಮೇಲೆ ಹಾಕಿಸಿಕೊಂಡೆ. ಆಗ ಇಡೀ ಉರಿ ನನ್ನೊಬ್ಬಳದೇ ಆಗಿತ್ತು. ಪೂರ್ತಿ ಎಂದರೆ ಎಷ್ಟು ಎಂಬುದು ನನಗೆ ಚೆನ್ನಾಗಿ ಗೊತ್ತು.

ಅಂದು ಸಂಜೆಯೇ ಮೇಲ್ಪೇಟೆಯ ನನ್ನ ತಂಗಿಯ ಮನೆಗೆ ಹೋಗಿ ಕೇಳಿದೆ. “ನಿನ್ನ ಹೆಸರು ಬರೆಸ್ಕೊಳಕ್ಕೆ ನಂಗೇನಕ್ಕ ಬಂದಿರೋದು, ನಮ್ಮೆಜಮಾನ್ರದ್ದೇ ಇನ್ನೂ ಬರೆಸಿಲ್ಲ” ಎಂದು ಅವಳು ನಕ್ಕಳು. ಮರುದಿನ ಬೇಕರಿಗೆ ಶಿವನಂಜಯ್ಯನವರು ಬಂದರು. ನಿವೃತ್ತ ಅಂಚೆಯವರು, ದಿನವೂ ಎರಡು ಬನ್ನು ಕೊಂಡು, ಬೇಕಾದ್ದಕ್ಕಿಂತ ಐದು ನಿಮಿಷ ಹೆಚ್ಚು ನಿಂತು ಹೋಗುವವರು. ತುಂಬು ತೋಳಿನ ಅಂಗಿ ಹಾಕಿದ್ದರು. ನಾಚಿಕೆ ಬಿಟ್ಟು ನೇರವಾಗಿಯೇ ಕೇಳಿದೆ. ಅವರು ಕೆಂಪಾಗಿ ಎರಡೂ ತೋಳು ಮಡಚಿ ತೋರಿಸಿದರು. ಏನೂ ಇರಲಿಲ್ಲ.

“ನಾನಲ್ಲಮ್ಮ. ಯೋಚನೆ ಬಂದಿತ್ತು, ಸುಳ್ಳು ಹೇಳಲ್ಲ. ಧೈರ್ಯ ಸಾಲಲಿಲ್ಲ” ಎಂದು ಬನ್ನು ಮರೆತು ಹೊರಟೇಹೋದರು.

ಗಾಯ ಒಂದು ಕಡೆ, ಉರಿ ಇನ್ನೊಂದು ಕಡೆ ಇದ್ದಾಗ ಮಾಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ನನ್ನ ಕೈಗೆ ಎಷ್ಟು ತಣ್ಣೀರು ಹಾಕಿದರೂ ನೆಲ ಒದ್ದೆಯಾದೀತೇ ಹೊರತು ಉರಿ ತಣ್ಣಗಾಗದು. ಅಲ್ಲಿ, ಹಚ್ಚೆ ಇರುವ ಕೈಗೆ ಹಾಕಿದರೆ ಮಾತ್ರ ಇಲ್ಲಿಯೂ ಹಿತವಾಗುತ್ತದೆ. ನಾನು ಮಾಡಬಹುದಾದದ್ದು ಎರಡೇ: ಕೈಯನ್ನು ಬೇರೆ ಕೆಲಸದಲ್ಲಿ ತೊಡಗಿಸಿ ಮನಸ್ಸನ್ನು ಅತ್ತ ಹೋಗದ ಹಾಗೆ ನೋಡಿಕೊಳ್ಳುವುದು, ಇಲ್ಲವೇ ಉರಿಯನ್ನೇ ಕೂತು ಗಮನಿಸುವುದು. ನಾನು ಎರಡನೆಯದನ್ನು ಮಾಡಿದೆ.

ಗಮನಿಸುತ್ತ ಹೋದ ಹಾಗೆ ಆ ಅಪರಿಚಿತರ ದಿನಚರಿ ನನಗೆ ತಿಳಿಯುತ್ತ ಬಂತು. ಬೆಳಿಗ್ಗೆ ಆರೂವರೆಗೆ ಒಮ್ಮೆ ಚಿಟ್ಟೆನ್ನುವಂತೆ ಉರಿಯುತ್ತಿತ್ತು. ಬಿಗಿ ತೋಳಿನ ಬಟ್ಟೆ ಹಾಕಿಕೊಳ್ಳುವ ಹೊತ್ತು. ಎಂಟರಿಂದ ಉಜ್ಜಿದ ಹಾಗೆ ಒಂದೇ ಸಮನೆ ಉರಿ. ಒಂದು ಗಂಟೆಗೆ ಅರ್ಧ ತಾಸು ಬಿಡುವು, ಮತ್ತೆ ನಾಲ್ಕರವರೆಗೆ ಉಜ್ಜಾಟ. ಏಳಕ್ಕೆ ನೀರು ಬಿದ್ದಂತೆ ತಂಪು, ಆದರೆ ಅದರ ಹಿಂದೆಯೇ ಏನೋ ಖಾರ ಮೆತ್ತಿದಂಥ ಉರಿ. ಗಿರಣಿಯಲ್ಲಿ ದುಡಿಯುವವರು, ಎಡಗೈಯನ್ನೇ ಹೆಚ್ಚು ಬಳಸುವವರು, ರಜೆ ಹಾಕದವರು, ಗಾಯಕ್ಕೆ ಯಾವುದೋ ಬೇಡದ ಲೇಪ ಹಚ್ಚುತ್ತಿರುವವರು. ಇಷ್ಟು ಗೊತ್ತಾದರೂ ಯಾರೆಂದು ಹೊಳೆಯಲಿಲ್ಲ. ಹಚ್ಚೆಗೆ ಏನನ್ನೂ ಮೆತ್ತಬಾರದು ಮಾರಾಯರೇ, ತೊಳೆದು ಒತ್ತಿ ಒರೆಸಿ ಗಾಳಿಗೆ ಬಿಡಿ ಎಂದು ಕೂಗಿ ಹೇಳಬೇಕೆನಿಸುತ್ತಿತ್ತು. ಯಾರಿಗೆ ಹೇಳುವುದು?

ನಾಲ್ಕನೆಯ ದಿನಕ್ಕೆ ಉರಿ ಇಳಿಯಬೇಕಿತ್ತು. ಇಳಿಯಲಿಲ್ಲ. ಐದನೆಯ ದಿನ, ಶನಿವಾರ, ಅದು ಉರಿಯಾಗಿ ಉಳಿಯದೆ ಮಿಡಿಯತೊಡಗಿತು. ಎದೆ ಬಡಿದುಕೊಳ್ಳುವ ಲಯದಲ್ಲೇ ಕೈಯೂ ಬಡಿದುಕೊಳ್ಳುತ್ತಿತ್ತು. ಗಂಡನ ಹೆಸರು ಬರೆಸಿದಾಗ ಪಟ್ಟ ಪೂರ್ತಿ ಉರಿಗಿಂತ ಈಗಿನ ಅರ್ಧವೇ ಹೆಚ್ಚಾಗಿತ್ತು. ತಟ್ಟೆ ಎತ್ತಲು ಹೋಗಿ ಇಪ್ಪತ್ತು ರಸ್ಕು ನೆಲಕ್ಕೆ ಚೆಲ್ಲಿದೆ. ಪುಟ್ಟೀರಪ್ಪ ಬೈಯಲಿಲ್ಲ. “ಹುಚ್ಚೀರಮ್ಮನ ಹತ್ರ ಹೋಗ್ಬನ್ನಿ” ಎಂದ.

ಹುಚ್ಚೀರಮ್ಮ ನಮ್ಮೂರಿನ ಹಳೆಯ ಹಚ್ಚೆಯಾಕೆ. ಮೂರು ತಲೆಮಾರಿನ ಕೈಗಳಿಗೆ ಹಚ್ಚೆ ಹುಯ್ದವಳು. ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಮೊರ ನಿಲ್ಲಿಸಿ ಕೇಳಿದಳು.

“ನಾನಲ್ಲ ಕಣವ್ವ. ಕಣ್ಣು ಮಂಜಾಗಿ ಸೂಜಿ ಬಿಟ್ಟು ಮೂರು ವರ್ಸ ಆಯ್ತು. ಉರಿ ಹೆಂಗೈತೆ, ಸರಿಯಾಗೇಳು. ಬಿಸ್ಲಲ್ಲಿ ಬೆಂದಂಗೋ, ಒಳಗಿಂದ ಕುಟ್ಟಿದಂಗೋ?”

“ಕುಟ್ಟಿದಂಗೆ. ನಿನ್ನೆಗಿಂತ ಇವತ್ತು ಜಾಸ್ತಿ.”

“ನವೆ?”

“ಒಂಚೂರೂ ಇಲ್ಲ.”

ಹುಚ್ಚೀರಮ್ಮ ಮೊರವನ್ನು ಪಕ್ಕಕ್ಕಿಟ್ಟಳು. “ಕೇಳಿಲ್ಲಿ. ಮೊದಲ್ನೇ ದಿನ ಉರೀತದೆ, ಊದ್ಕತದೆ, ನೀರು ಒಸರ್ತದೆ. ಅದಕ್ಕೆ ಹೆದರಬಾರ್ದು. ಎರಡು ಮೂರನೇ ದಿನ ಚರ್ಮ ಬಿಗೀತದೆ. ಅಲ್ಲಿಂದ ಇಳೀಬೇಕು. ಐದರ ಹೊತ್ಗೆ ನವೆ ಸುರುವಾಗ್ಬೇಕು. ನವೆ ಬಂತು ಅಂದ್ರೆ ಮಾಯ್ತಾ ಐತೆ ಅಂತ, ಕೆರೀದೆ ಸುಮ್ಕಿದ್ರೆ ಆಯ್ತು. ಇಳೀಬೇಕಾದ್ದು ಏರ್ತಾ ಹೋದ್ರೆ ಅದು ಹಚ್ಚೆ ಉರಿ ಅಲ್ಲ, ಕೀವಿನ ಉರಿ. ನಿನ್ನ ಪಾಲಿಗೇ ಇಷ್ಟು ಬಂದದೆ ಅಂದ್ರೆ ಆ ಗಾಯ ಇನ್ನೆಂಗಿರಬೇಕು? ಜ್ವರ ಬಂದಿದ್ರೂ ಬಂದಿರ್ತದೆ. ಜ್ವರ ಪಾಲಿಗೆ ಬರಾಕಿಲ್ಲ, ನಿಂಗೆ ತಿಳಿಯಾಕಿಲ್ಲ.”

“ಅವ್ರಿಗಾದ್ರೂ ಗೊತ್ತಾಗಬೇಕಲ್ಲಮ್ಮ?”

“ಹೆಂಗೊತ್ತಾದಾತು? ಅರ್ಧ ನೀನು ಹೊತ್ಕಂಡಿದ್ದೀಯಲ್ಲ. ಇಷ್ಟೇಯಾ ಅಂದ್ಕಂಡು ಸುಮ್ಕೆ ಅವ್ರೆ. ಕೂತ್ಕಬೇಡ, ಏಳು. ಬಸ್‌ಸ್ಟ್ಯಾಂಡ್ ತಾವ ಮಿಸನ್ನಲ್ಲಿ ಹುಯ್ಯೋ ದಸ್ತಗೀರ ಅವ್ನಲ್ಲ, ಅವ್ನನ್ನ ಕೇಳು.”

ನಾನು ಬಹುಮಟ್ಟಿಗೆ ಓಡಿಕೊಂಡೇ ಹೋದೆ. ಅಲ್ಲಿಯವರೆಗೆ ಯಾರಿರಬಹುದು ಎಂಬ ಕುತೂಹಲವಿತ್ತು, ನಿಜ ಹೇಳಬೇಕೆಂದರೆ ಒಂದಿಷ್ಟು ಹಿಗ್ಗೂ ಇತ್ತು. ದಾರಿಯಲ್ಲಿ ಅವೆರಡೂ ಹೋಗಿ ಬರೀ ಭಯ ಉಳಿಯಿತು. ನನ್ನನ್ನು ಇಷ್ಟಪಟ್ಟ ಯಾರೋ ಒಬ್ಬರು ಈ ಊರಿನ ಯಾವುದೋ ಕೋಣೆಯಲ್ಲಿ ಜ್ವರದಿಂದ ಮಲಗಿದ್ದಾರೆ, ನನಗೆ ಅವರ ಹೆಸರೂ ಗೊತ್ತಿಲ್ಲ.

ದಸ್ತಗೀರನದು ಮಹಡಿಯ ಮೇಲಿನ ಚೊಕ್ಕಟವಾದ ಅಂಗಡಿ. ಬಂದವರ ಎದುರಿಗೇ ಹೊಸ ಸೂಜಿಯ ಪೊಟ್ಟಣ ಒಡೆಯುತ್ತಾನೆ, ಕೈಗೆ ಕವಚ ಹಾಕಿಕೊಳ್ಳುತ್ತಾನೆ, ಹೋಗುವಾಗ ಆರೈಕೆಯ ಚೀಟಿ ಕೊಡುತ್ತಾನೆ. ಬರೆಸಿದವರು ಯಾರೆಂದು ಬಾಯಿಬಿಡುವುದು ಮಾತ್ರ ಅವನ ಕಸುಬಿಗೆ ಸಲ್ಲದು. ಮೊದಲು ಅದನ್ನೇ ಹೇಳಿದ. ನಾನು ಉರಿ ಏರುತ್ತಿರುವುದನ್ನು ಹೇಳಿದ ಮೇಲೆ ಅವನ ಮುಖ ಬದಲಾಯಿತು. ಬೇಗ ಬೇಗ ಪುಸ್ತಕ ತಿರುವಿದ.

“ರುದ್ರಾಣಿ ಅಂತ ಯಾರೂ ಬರೆಸಿಲ್ಲಮ್ಮ. ಮಂಗಳವಾರ ಬೆಳಿಗ್ಗೆ ಇದ್ದದ್ದೇ ಎರಡು. ಒಬ್ರು ಎದೆ ಮೇಲೆ ಹೆಂಡ್ತಿ ಹೆಸರು. ಇನ್ನೊಬ್ಳು ಹುಡುಗಿ, ಎಡಗೈ ಒಳಗಡೆ ‘ಅಮ್ಮ’ ಅಂತ. ಅದು ನೀವಾಗಿರಕ್ಕಿಲ್ಲ ಬಿಡಿ. ಅವಳ ತಾಯಿ ತೀರ್ಕೊಂಡು ಎಷ್ಟೋ ವರ್ಷ ಆಯ್ತಂತೆ. ‘ಯಾರಿಗೂ ಹೇಳೋದಿಲ್ಲ ಭಾಯಿ, ಪೂರ್ತಿ ನಂದೇ ಉರಿ’ ಅಂದ್ಳು.”

“ಹಾಗಾದ್ರೆ ನಾನಲ್ಲ. ನಂಗೆ ಮಕ್ಕಳಿಲ್ಲ” ಎಂದು ಎದ್ದೆ. ಮೂರು ಮೆಟ್ಟಿಲು ಇಳಿದೆ. ನಾಲ್ಕನೆಯದಕ್ಕೆ ಕಾಲಿಡಲಾಗಲಿಲ್ಲ.

ಗೋಡೆ ಹಿಡಿದು ಮತ್ತೆ ಮೇಲೆ ಹತ್ತಿದೆ. “ಆ ಹುಡುಗಿ ಎಡಚಳಾ?”

“ಹೌದು. ಕೆಲಸದ ಕೈ ಬೇಡ, ಬಲಗೈಗೆ ಹಾಕ್ಸು ಅಂತ ನಾನೂ ಹೇಳ್ದೆ. ಕೇಳ್ಲಿಲ್ಲ.”

“ಎತ್ತರಕ್ಕಿದ್ಳಾ? ಮಾತಾಡುವಾಗ ಒಂದು ಹುಬ್ಬು ಮೇಲೆ ಹೋಗುತ್ತಾ?”

ದಸ್ತಗೀರ ನನ್ನ ಮುಖವನ್ನೇ ನೋಡಿದ. ಆಮೇಲೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿದ. ನಳಿನಾಕ್ಷಿ, ಕೆಳಪೇಟೆ, ದಾರದ ಗಿರಣಿ ಹಾಸ್ಟೆಲು.

ನಳಿನಾಕ್ಷಿ ನನ್ನ ಗಂಡನ ಮೊದಲನೆಯ ಹೆಂಡತಿಯ ಮಗಳು. ಗಡಿಯಾರ ರಿಪೇರಿಯ ಚನ್ನವೀರಯ್ಯನವರನ್ನು ನಾನು ಮದುವೆಯಾದಾಗ ಅವಳಿಗೆ ಆರು ವರ್ಷ. ತಾಯಿ ಹೋದದ್ದು ಮೂರು ತುಂಬುವ ಮೊದಲೇ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೆವು. ತಲೆ ಬಾಚಿದ್ದೇನೆ, ಹೇನು ತೆಗೆದಿದ್ದೇನೆ, ಮಗ್ಗಿ ಬಾಯಿಪಾಠ ಮಾಡಿಸಿದ್ದೇನೆ. ಒಂದು ದಿನವೂ ಅವಳು ನನ್ನನ್ನು ಅಮ್ಮ ಎನ್ನಲಿಲ್ಲ, ಚಿಕ್ಕಮ್ಮ ಎನ್ನಲಿಲ್ಲ. “ನೋಡಿ, ನನ್ನ ಲಂಗ ಎಲ್ಲಿ?” “ನೋಡಿ, ಅಪ್ಪ ಕರೀತಿದಾರೆ.” ಹನ್ನೊಂದು ವರ್ಷವೂ ನಾನು ಅವಳಿಗೆ ‘ನೋಡಿ’. ಅವಳಪ್ಪನ ಹನ್ನೊಂದನೆಯ ದಿನದ ಕಾರ್ಯ ಮುಗಿದ ಸಂಜೆ ಅವಳ ತಾಯಿಯ ತವರಿನವರು, “ನಮ್ಮ ಹುಡುಗೀನ ನಾವು ಕರ್ಕೊಂಡು ಹೋಗ್ತೀವಿ” ಅಂದರು. ಅವಳು ಒಲ್ಲೆ ಎನ್ನಲಿ ಎಂದು ನಾನು ಕಾದೆ. ಅವಳು ಬಾಗಿಲ ಬಳಿ ಚೀಲ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದಳು. ಯಾಕೆ ನಿಂತಿದ್ದಳೋ ನಾನು ಕೇಳಲಿಲ್ಲ. ಐದು ವರ್ಷ ಆಯಿತು; ಅವಳು ಅವರ ಮನೆ ಬಿಟ್ಟು ಗಿರಣಿಯ ಹಾಸ್ಟೆಲು ಸೇರಿದ್ದು ಆ ಪುಸ್ತಕ ನೋಡಿದ ಮೇಲೇ ನನಗೆ ಗೊತ್ತಾದದ್ದು. ಒಂದೇ ಊರಿನ ಮೇಲೂ ಕೆಳಗೂ ಇದ್ದುಕೊಂಡು, ಎದುರಾದರೆ ತಲೆ ಆಡಿಸಿ ಹೋಗುವಷ್ಟೇ ಉಳಿದಿತ್ತು.

ಹಾಸ್ಟೆಲಿನ ಬಾಗಿಲಲ್ಲಿ ವಾರ್ಡನ್ನು ನೀವೇನಾಗಬೇಕು ಎಂದು ಕೇಳಿದಳು. ನಾನು ಎಡಗೈ ಮುಂದೆ ಚಾಚಿ, “ಪಾಲು ಬಂದಿದೆ” ಎಂದೆ. ನಮ್ಮೂರಿನಲ್ಲಿ ಅದಕ್ಕಿಂತ ಹೆಚ್ಚು ಯಾರೂ ಕೇಳುವುದಿಲ್ಲ.

ನಳಿನಾ ಕಿಟಕಿಯ ಪಕ್ಕದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗಿರಣಿಯ ಬಿಗಿ ತೋಳಿನ ನೀಲಿ ಅಂಗಿಯನ್ನೂ ಬಿಚ್ಚಿರಲಿಲ್ಲ. ಹಣೆ ಮುಟ್ಟಿದೆ; ಹಂಚಿನ ಹಾಗೆ ಕಾದಿತ್ತು. ಕಣ್ಣು ಬಿಟ್ಟಳು. ನನ್ನನ್ನು ಕಂಡು ಎದ್ದು ಕೂರಲು ನೋಡಿದಳು.

“ನೋಡಿ, ನೀವ್ಯಾಕೆ ಬಂದ್ರಿ?”

“ಕೈ ತೋರ್ಸು.”

“ಏನಿಲ್ಲ. ಹಚ್ಚೆ ಹಾಕ್ಸಿದೀನಿ. ಒಂಚೂರು ಉರಿ ಇದೆ ಅಷ್ಟೇ. ಎಲ್ರೂ ಹೆದರ್ಸಿದ್ರು, ಅಷ್ಟೇನೂ ಇಲ್ಲ.”

ತೋಳು ಮೇಲೇರಲಿಲ್ಲ, ಅಷ್ಟು ಊದಿಕೊಂಡಿತ್ತು. ಮೇಜಿನ ಮೇಲಿದ್ದ ಕತ್ತರಿಯಿಂದ ಅಂಗಿಯ ತೋಳನ್ನು ಹರಿದೆ. ಒಳಗೆ ಅರಿಸಿನ, ಸುಣ್ಣ ಕಲಸಿ ಮೆತ್ತಿದ ಗಟ್ಟಿ ಲೇಪ. ಅದಕ್ಕೆ ಗಿರಣಿಯ ಹತ್ತಿಯ ದೂಳು ಅಂಟಿ ಕಂಬಳಿಯ ಹಾಗಾಗಿತ್ತು. ರೂಮಿನ ಹುಡುಗಿಯರು ಬೇಗ ಮಾಯಲಿ ಎಂದು ದಿನಾ ಸಂಜೆ ಹಚ್ಚುತ್ತಿದ್ದರಂತೆ. ಲೇಪದ ಅಂಚಿನಲ್ಲಿ ಹಳದಿ ಕೀವು. ಅಲ್ಲಿಂದ ಮೊಣಕೈಯ ಕಡೆಗೆ ಒಂದು ಕೆಂಪು ಗೆರೆ ಏರುತ್ತಿತ್ತು.

“ಏಳು. ಆಸ್ಪತ್ರೆಗೆ ಹೋಗೋಣ.”

“ನಾನೇ ಸೋಮವಾರ ಹೋಗ್ತೀನಿ. ನೀವು ಯಾಕೆ...” ಎಂದವಳು ನನ್ನ ಎಡಗೈ ನೋಡಿದಳು. ನಾನು ಅರಿವಿಲ್ಲದೆ ಅದನ್ನು ಎದೆಗೆ ಅವುಚಿಕೊಂಡಿದ್ದೆ, ಅವಳು ತನ್ನದನ್ನು ಅವುಚಿಕೊಂಡ ಹಾಗೆಯೇ. ಅವಳ ಹುಬ್ಬು ಮೇಲೆ ಹೋಯಿತು.

“ಇದು ನಮ್ಮಮ್ಮಂಗೆ ಬರೆಸಿದ್ದು” ಎಂದಳು. ದನಿ ಸಿಟ್ಟಿನದೋ ಹೆದರಿಕೆಯದೋ ಗೊತ್ತಾಗಲಿಲ್ಲ.

“ಗೊತ್ತು. ಇರ್ಲಿ. ಅದನ್ನ ಆಮೇಲೆ ನೋಡ್ಕೊಳೋಣ. ಚಪ್ಪಲಿ ಹಾಕ್ಕೊ.”

ಗಾಡಿಯಲ್ಲಿ ಅವಳು ನನ್ನ ಕಡೆ ನೋಡಲಿಲ್ಲ. ಕುಲುಕಾಟಕ್ಕೆ ಅವಳ ಕೈ ಸರಳಿಗೆ ತಗುಲಿದಾಗ ಇಬ್ಬರೂ ಒಟ್ಟಿಗೆ “ಹಾ” ಎಂದೆವು. ಆಗ ತಿರುಗಿ ನೋಡಿದಳು, ಅಷ್ಟೆ.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಗಾಯ ನೋಡುವ ಮೊದಲು ನಮ್ಮಿಬ್ಬರನ್ನೂ ಎದುರು ಕೂರಿಸಿ ಕೇಳಿದರು, “ಹತ್ತಕ್ಕೆ ಎಷ್ಟು ನೋವು? ನೀವು ಮೊದಲು ಹೇಳಿ.”

“ಆರು” ಎಂದೆ.

“ನೀನಮ್ಮ?”

“ಆರು” ಎಂದಳು ನಳಿನಾ. “ಆರೇ ಅಲ್ವಾ, ತಡ್ಕೋಬೋದು.”

“ಕೂಡಿಸಿದ್ರೆ ಹನ್ನೆರಡು. ಹತ್ತು ದಾಟಿದ್ರೆ ನಾವು ಮನೆಗೆ ಕಳಿಸಲ್ಲ” ಎಂದು ಡಾಕ್ಟರಮ್ಮ ಎದ್ದರು. ಲೇಪವನ್ನು ನೀರಿನಲ್ಲಿ ನೆನೆಸಿ ನೆನೆಸಿ ಬಿಡಿಸಿದರು. ಒಂದೊಂದು ಎಳೆ ಕಿತ್ತಾಗಲೂ ನನ್ನ ಕಣ್ಣಲ್ಲಿ ನೀರು ಬಂತು, ನಳಿನಾಳ ಕಣ್ಣಲ್ಲೂ. ಕೆಂಪು ಎಲ್ಲಿಯವರೆಗೆ ಹಬ್ಬಿದೆ ಎಂದು ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಸೂಜಿ ಚುಚ್ಚಿ ಸಲೈನಿನ ಜೊತೆ ಔಷಧಿ ಹರಿಸಿದರು. “ಈ ಗೆರೆ ದಾಟದಿದ್ರೆ ಗೆದ್ದ ಹಾಗೆ. ಇನ್ನೊಂದು ದಿನ ತಡ ಆಗಿದ್ರೆ ರಕ್ತಕ್ಕೆ ಸೇರ್ತಿತ್ತು. ಯಾಕಮ್ಮ ಮೂರನೇ ದಿನ ಇವರ ಹತ್ರ ತೋರಿಸ್ಲಿಲ್ಲ?”

ನಳಿನಾ ಸೂರು ನೋಡಿದಳು. “ಪಾಲು ಹೋಗಿದೆ ಅಂತ ನಂಗೆ ಗೊತ್ತಿರ್ಲಿಲ್ಲ ಡಾಕ್ಟ್ರೇ.”

ಅಂದು, ಮರುದಿನ, ಅದರ ಮರುದಿನ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ನರ್ಸು ಗಂಟೆಗೊಮ್ಮೆ ಬಂದು ಪೆನ್ನಿನ ಗೆರೆ ನೋಡುತ್ತಿದ್ದಳು. ನನಗೆ ನೋಡುವ ಅಗತ್ಯವಿರಲಿಲ್ಲ. ಔಷಧಿ ಹರಿಯತೊಡಗಿದ ಮರುದಿನ ಮಧ್ಯಾಹ್ನ ನನ್ನ ಕೈಯೊಳಗಿನ ಕುಟ್ಟುವಿಕೆ ಒಂದು ಬಡಿತ ತಪ್ಪಿಸಿತು. ಆಮೇಲೆ ಎರಡು. ಸಂಜೆಯ ಹೊತ್ತಿಗೆ ದೂರದ ಒನಕೆಯ ಸದ್ದಿನಷ್ಟಾಯಿತು. ನರ್ಸು ಬಂದು “ಕೆಂಪು ಇಳೀತಾ ಇದೆ” ಎನ್ನುವ ಮೊದಲೇ ನನಗೆ ಗೊತ್ತಾಗಿ, ಹೊರಗೆ ಕಾರಿಡಾರಿಗೆ ಹೋಗಿ ಗೋಡೆಗೆ ಒರಗಿ ನಿಂತು ಅತ್ತೆ. ಐದು ದಿನ ನೋವಿಗೆ ಅಳದವಳು ನೋವು ಇಳಿದದ್ದಕ್ಕೆ ಅತ್ತೆ.

ಒಳಗೆ ಬಂದಾಗ ನಳಿನಾ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಎಡಗೈ ದಿಂಬಿನ ಮೇಲಿತ್ತು, ಬಲಗೈಯಲ್ಲಿ ಚಮಚ ಹಿಡಿದು ಒದ್ದಾಡುತ್ತಿದ್ದಳು. ತಟ್ಟೆ ನಾನು ಹಿಡಿದೆ.

“ನಾನು ಅವರನ್ನೇ ನೆನೆಸ್ಕೊಂಡು ಕೂತಿದ್ದೆ” ಎಂದಳು, ನಾನೇನೂ ಕೇಳದೆಯೇ. “ಕಣ್ಣು ಮುಚ್ಚಿ ಅವರ ಮುಖ ನೆನಪು ಮಾಡ್ಕೊಳಕ್ಕೆ ನೋಡ್ದೆ. ಫೋಟೋದಲ್ಲಿರೋದು ಬಿಟ್ಟು ಬೇರೆ ಏನೂ ಇಲ್ಲ ನಂಗೆ. ಫೋಟೋಗೆ ದನಿ ಇಲ್ಲ, ವಾಸನೆ ಇಲ್ಲ. ಅಮ್ಮ ಅಮ್ಮ ಅಂತ ಅಂದ್ಕೊಂಡಾಗೆಲ್ಲ ನೀವು ಬರೋರು. ಬಾಚಣಿಗೆ ಹಿಡ್ಕೊಂಡು ಬೈತಾ ಬರೋರು. ಬೇಡ ಹೋಗಿ ಅಂದೆ. ಸೂಜಿ ಓಡ್ತಿತ್ತು, ನಾನೇನ್ ಮಾಡ್ಲಿ?”

“ತಪ್ಪೇನಿದೆ ಅದ್ರಲ್ಲಿ?”

“ಅವರಿಗೆ ಬೇಜಾರಾಗಲ್ವಾ?”

ಒಂದು ಚಮಚ ಗಂಜಿ ಕುಡಿಸಿದೆ. “ಮೂರು ವರ್ಷದ ಮಗು ಬಿಟ್ಟು ಹೋದೋಳಿಗೆ ಯಾವುದಕ್ಕೆ ಬೇಜಾರಾಗುತ್ತೆ ಹೇಳು. ಮಗೂನ ಯಾರೂ ನೋಡ್ಕೊಳ್ದಿದ್ರೆ ಆಗುತ್ತೆ. ಅಕ್ಷರ ಅವಳದೇ ಇರ್ಲಿ. ಉರಿ ಮಾತ್ರ ನಂದು. ಅವಳ ಕೈಲಿ ಹೊರಕ್ಕಾಗಲ್ಲ, ಅವಳ ಪರವಾಗಿ ನಾನು ಹೊತ್ತೆ ಅಂದ್ಕೊ.”

ಅವಳು ತಟ್ಟೆಯ ಗಂಜಿಯನ್ನೆಲ್ಲ ಮುಗಿಸಿದಳು. ಆಮೇಲೆ, “ಅವತ್ತು ಬಾಗಿಲ ಹತ್ರ ನಿಂತಿದ್ದೆನಲ್ಲ, ನೀವು ಹೋಗ್ಬೇಡ ಅಂತೀರ ಅಂತ ಕಾದೆ” ಎಂದಳು.

“ನೀನು ಹೋಗಲ್ಲ ಅಂತೀಯ ಅಂತ ನಾನು ಕಾದೆ.”

“ಇಬ್ರೂ ಚೆನ್ನಾಗಿದೀವಿ” ಎಂದು ನಳಿನಾ ನಕ್ಕಳು. ನಕ್ಕದ್ದಕ್ಕೆ ಕೈ ಅಲುಗಿ ಇಬ್ಬರಿಗೂ ಚುರುಕ್ಕೆಂದಿತು.

ಬುಧವಾರ ಆಸ್ಪತ್ರೆಯಿಂದ ಬಿಟ್ಟರು. ಹಾಸ್ಟೆಲಿನ ಹತ್ತಿಯ ದೂಳಿಗೆ ಕಳಿಸಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಅವಳು ನನ್ನ ಮನೆಗೆ ಬಂದಳು. ಕಳಿಸಿ ಎಂದಿದ್ದರೂ ನಾನು ಕಳಿಸುತ್ತಿರಲಿಲ್ಲ. ದಿನಕ್ಕೆ ಎರಡು ಸಲ ನಾನು ಕೈ ತೊಳೆದುಕೊಂಡು, ಉಗುರು ಬೆಚ್ಚಗಿನ ನೀರಿನಲ್ಲಿ ಘಾಟಿಲ್ಲದ ಸೋಪಿನಿಂದ ಹಚ್ಚೆಯನ್ನು ತೊಳೆಯುತ್ತಿದ್ದೆ. ಉಜ್ಜುವಂತಿಲ್ಲ, ಒಗೆದ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಬೇಕು. ಡಾಕ್ಟರಮ್ಮ ಕೊಟ್ಟ ಮುಲಾಮನ್ನು ಮಿರುಗದಷ್ಟು ತೆಳ್ಳಗೆ ಸವರಬೇಕು. ಅವಳ ಅಪ್ಪನ ಹಳೆಯ ಅರ್ಧ ತೋಳಿನ ಜುಬ್ಬಗಳು ಟ್ರಂಕಿನಲ್ಲಿದ್ದವು. ಸಡಿಲವಾಗಿರಲಿ ಎಂದು ಅವನ್ನೇ ಹಾಕಿಕೊಂಡಳು. ಅವಳ ಕೈಗೆ ನೀರು ಬಿದ್ದಾಗ ನನ್ನ ಕೈ ತಂಪಾಗುತ್ತಿತ್ತು. ನನ್ನ ಕೈಯಿಂದಲೇ ನನ್ನ ಕೈಗೆ ಆರೈಕೆ ಆಗುವುದು, ಆದರೆ ಅದು ಇನ್ನೊಬ್ಬಳ ಕೈಯ ಮೂಲಕ ಬರುವುದು, ಇದರ ಹಿತ ಅನುಭವಿಸಿದವರಿಗೇ ಗೊತ್ತು.

ಮೂರು ದಿನ ಕಳೆದ ಮೇಲೆ, ಶನಿವಾರ ಮಧ್ಯಾಹ್ನ, ಊಟ ಮುಗಿಸಿ ಅವಳು ಅವರೆಕಾಯಿ ಬಿಡಿಸುತ್ತಿದ್ದಳು, ನಾನು ಅಕ್ಕಿ ಆರಿಸುತ್ತಿದ್ದೆ. ನನ್ನ ಎಡಗೈಯಲ್ಲಿ ಇರುವೆ ಹರಿದ ಹಾಗಾಯಿತು. ಕೊಡವಿದೆ. ಹೋಗಲಿಲ್ಲ. ಒಂದು ಇರುವೆ ಹೋಗಿ ಹತ್ತಾಯಿತು, ನೂರಾಯಿತು. ತಲೆಯೆತ್ತಿದರೆ ನಳಿನಾ ಕೈಯನ್ನು ಮುಖದ ಮುಂದೆ ಹಿಡಿದು ನೋಡುತ್ತಿದ್ದಳು.

“ನೋಡಿ, ನಿಮಗೂ...”

“ನವೆ!” ಎಂದು ಕೂಗಿದೆ. “ನವೆ ಕಣೇ ನಳಿನಾ!”

ಅಕ್ಕಿಯ ತಟ್ಟೆ ಉರುಳಿತು. ಅವಳ ಬಲಗೈ ಹಚ್ಚೆಯ ಕಡೆ ಹೋದದ್ದು ಕಂಡು ಫಕ್ಕನೆ ಹಿಡಿದುಕೊಂಡೆ. “ಕೆರೀಬೇಡ! ತಟ್ಟು, ಬೇಕಾದ್ರೆ ಅಂಗೈಲಿ ಮೆತ್ತಗೆ ತಟ್ಟು.” ಅವಳು ತಟ್ಟಿದಳು, ನನಗೆ ಅರ್ಧ ಇಳಿಯಿತು. ಮತ್ತೆ ಬಂತು. ಒದ್ದೆ ಬಟ್ಟೆ ಹಿಂಡಿ ಮುಚ್ಚಿದೆ. ಇಬ್ಬರೂ ಕಾಲು ನೆಲಕ್ಕೆ ಬಡಿಯುತ್ತ, ಹಲ್ಲು ಕಚ್ಚುತ್ತ, ಕೆರೆಯಲಾಗದೆ ಕುಣಿಯುತ್ತ, ಅಳು ಬರುವಷ್ಟು ನಕ್ಕೆವು. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿ, ಏನಾಯ್ತು ಎಂದು ಕೇಳಿದರು. “ವಾಸಿ ಆಗ್ತಾ ಇದೆ” ಎಂದೆ. ಅವರಿಗೆ ಅರ್ಥವಾಯಿತು, ಹಾಗಿದ್ದರೆ ತಟ್ಟಿಕೊಳ್ಳಿ ಎಂದು ಹೇಳಿ ಹೋದರು.

ನವೆ ಏಳೆಂಟು ದಿನ ಇತ್ತು. ಚರ್ಮ ಸಣ್ಣ ಹೊಟ್ಟಿನ ಹಾಗೆ ಎದ್ದು ತಾನಾಗಿ ಉದುರಿತು. ಕೀಳಲು ನಾನು ಬಿಡಲಿಲ್ಲ. ಕೆಳಗಿನಿಂದ ಹೊಳಪಾದ ಎಳೆಯ ಚರ್ಮ ಬಂತು. ನವೆ ನಿಂತ ದಿನ ಬೆಳಿಗ್ಗೆ ನನ್ನ ಕೈ ಎಷ್ಟು ಹಗುರವಾಗಿತ್ತೆಂದರೆ, ಅಲ್ಲಿ ಒಂದು ಕೈ ಇದೆ ಎಂಬುದನ್ನೇ ಮರೆತು ನಲವತ್ತು ಬನ್ನು ಉಂಡೆ ಮಾಡಿ ಮುಗಿಸಿದ್ದೆ. ಅಂದು ನಳಿನಾ ಮತ್ತೆ ಗಿರಣಿಗೆ ಹೊರಟಳು. ಹಾಸ್ಟೆಲಿನ ಸಾಮಾನು ತರುವ ಮಾತನ್ನು ಇಬ್ಬರೂ ಆಡಲಿಲ್ಲ. ಎರಡು ದಿನದ ಹಿಂದೆಯೇ ಅವಳು ತಂದು ಒಳಕೋಣೆಯಲ್ಲಿಟ್ಟಿದ್ದಳು.

ದಾರಿಯಲ್ಲಿ ಬೇಕರಿಗೆ ಬಂದು, ಪುಟ್ಟೀರಪ್ಪ ಅತ್ತ ತಿರುಗಿದ್ದಾಗ, ಕೈ ಚಾಚಿ ತೋರಿಸಿದಳು. ‘ಅ’ ಸೊಗಸಾಗಿ ಉಳಿದಿತ್ತು. ‘ಮ’ ಕೂಡ. ಕೀವಾಗಿದ್ದ ಜಾಗದಲ್ಲಿ ಬಣ್ಣ ಹೋಗಿ, ಕೆಳಗಿನ ಒತ್ತು ಮಾಸಿತ್ತು.

“ಒತ್ತು ಹೋಗಿದೆ ನೋಡಿ. ಬರೀ ‘ಅಮ’ ಆಗಿದೆ.”

“ತಿದ್ದಿಸ್ತೀಯಾ?”

“ದಸ್ತಗೀರ್ ಭಾಯಿ ಇನ್ನೊಂದು ತಿಂಗಳು ಬಿಟ್ಟು ಬಾ ಅಂದ್ರು. ಒಂದೇ ಅಕ್ಷರ, ಹತ್ತು ನಿಮಿಷದ ಕೆಲಸವಂತೆ.” ಅವಳು ಕೈಯನ್ನು ಹಿಂದಕ್ಕೆಳೆದು ಅಂಗಿಯ ತೋಳು ಇಳಿಸಿಕೊಂಡಳು. “ಆದ್ರೆ ನಿಮಗೂ ಉರಿಯುತ್ತೆ. ಮತ್ತೆ ಮೊದಲಿಂದ. ನೀವು ಬೇಡ ಅಂದ್ರೆ ಹೀಗೇ ಬಿಡ್ತೀನಿ.”

ನಾನು ಹಿಟ್ಟಿನ ಕೈಯನ್ನು ಒರೆಸಿಕೊಂಡು ಗೋಡೆಯ ಕ್ಯಾಲೆಂಡರಿನ ಮುಂದಿನ ಹಾಳೆ ಎತ್ತಿ ನೋಡಿದೆ.

“ಬುಧವಾರ ಬೇಡ. ಬುಧವಾರ ಶಾಲೆಗಳ ಬನ್ನು ಇರುತ್ತೆ, ಕೈ ಎರಡೂ ಬೇಕು.”

“ಗುರುವಾರ?”

“ಗುರುವಾರ ಆಗ್ಬಹುದು. ನಾನೂ ಬರ್ತೀನಿ.”

ನಳಿನಾ ಬುತ್ತಿ ಎತ್ತಿಕೊಂಡು ಕೆಳಪೇಟೆಯ ಇಳಿಜಾರಿನಲ್ಲಿ ಬೇಗ ಬೇಗ ಹೆಜ್ಜೆ ಹಾಕುತ್ತ ಹೋದಳು. ನಾನು ಒದ್ದೆ ಬಟ್ಟೆ ಸರಿಸಿ ಹಿಟ್ಟಿಗೆ ಕೈ ಹಾಕಿದೆ. ಚೆನ್ನಾಗಿ ಉಬ್ಬಿತ್ತು.